ತಾಮ್ರ, ಬಣ್ಣದ ಕ್ರಾಫ್ಟ್ ವೈರ್, ಬೆಳ್ಳಿ: ಒಡವೆ ತಂತಿಗಳ ದೀರ್ಘ ಬಳಕೆಯ ವಿಮರ್ಶೆ

ಒಡವೆ ತಂತಿಗೆ ಬರುವ ಫೈವ್ ಸ್ಟಾರ್ ವಿಮರ್ಶೆಗಳಲ್ಲಿ ಹೆಚ್ಚಿನವು ಪಾರ್ಸೆಲ್ ಬಿಚ್ಚಿದ ದಿನವೇ ಬರೆದಂಥವು. ಆ ದಿನ ಎಲ್ಲ ತಂತಿಯೂ ಹೊಳೆಯುತ್ತದೆ. ಬೆವರು, ಸೋಪು, ತಲೆಗೆಣ್ಣೆ, ಒಂದೆರಡು ಮಳೆಗಾಲ ಕಂಡ ಮೇಲೆ ಹೇಗಿದೆ ಅನ್ನುವುದನ್ನು ಯಾರೂ ಬರೆಯುವುದಿಲ್ಲ. ನಾನು ಓಲೆ, ಪೆಂಡೆಂಟ್, ಒಂದಷ್ಟು ಬಳೆ ಮಾಡುತ್ತೇನೆ. ಮನೆಯವರಿಗೆ, ಗೆಳತಿಯರಿಗೆ, ಆಗಾಗ ಕರಕುಶಲ ಸಂತೆಯಲ್ಲಿ ಮಾರಾಟಕ್ಕೆ. ಕೆಲವು ವರ್ಷಗಳಿಂದ ಕೈಯಲ್ಲಿರುವುದು ಮೂರು ಬಗೆ: ಲೇಪನವಿಲ್ಲದ ಬರೀ ತಾಮ್ರ, ಆನ್‌ಲೈನ್‌ನಲ್ಲಿ ಸಣ್ಣ ಸ್ಪೂಲ್‌ಗಳಲ್ಲಿ ಬರುವ ಬಣ್ಣದ ಕ್ರಾಫ್ಟ್ ವೈರ್, 925 ಬೆಳ್ಳಿ. ಮತ್ತೆ ಮತ್ತೆ ಕೊಳ್ಳುತ್ತಿರುವುದು ತಾಮ್ರವನ್ನೇ.

ಕ್ರಾಫ್ಟ್ ವೈರ್ ಕೆಟ್ಟದ್ದೇನಲ್ಲ. ಒಳಗೆ ತಾಮ್ರ, ಕೆಲವದರಲ್ಲಿ ಅದರ ಮೇಲೆ ಬೆಳ್ಳಿ ಮುಲಾಮು, ಆಮೇಲೆ ಬಣ್ಣದ ಇಲ್ಲವೇ ಪಾರದರ್ಶಕ ಲೇಪನ. ಪೆಂಡೆಂಟ್ ಕಲ್ಲಿಗೆ ಸುತ್ತಿದ್ದು, ಓಲೆಯಲ್ಲಿ ತೂಗಾಡುವ ಭಾಗ ಇವತ್ತಿಗೂ ಚೆನ್ನಾಗಿವೆ. ಉಂಗುರಕ್ಕೆ ಮಾತ್ರ ಬೇಡವೇ ಬೇಡ. ಅಂಗೈ ಕಡೆಯ ಬಣ್ಣ ಸವೆದು ತಾಮ್ರ ಕೆಂಪಗೆ ಇಣುಕುತ್ತದೆ, ಆಗ ಇಡೀ ಉಂಗುರವೇ ಹಳತಾಗಿ ಕಾಣುತ್ತದೆ. ಬಳೆಯದ್ದೂ ಅದೇ ಕಥೆ. ಕತ್ತರಿಸಿದ ತುದಿಯಲ್ಲಂತೂ ಮೊದಲ ದಿನದಿಂದಲೇ ಕೆಂಪು ಚುಕ್ಕಿ. ಮಣಿಯ ಹಿಂದೆ ಮಡಚಿ ಅಡಗಿಸಬೇಕು. ಸುತ್ತಿಗೆಯಿಂದ ತಟ್ಟಿದರೆ ಲೇಪನ ಬಿರಿಯುತ್ತದೆ, ಬೆಂಕಿಗೆ ಹಿಡಿಯುವ ಹಾಗಿಲ್ಲ, ಇಕ್ಕಳದ ಗುರುತು ಬಿದ್ದರೆ ಹೋಗುವುದಿಲ್ಲ. ನೈಲಾನ್ ಬಾಯಿಯ ಪ್ಲೈಯರ್‌ಗೂ ಸೇರಿಸಿ ಬಜೆಟ್ ಹಾಕಿಕೊಳ್ಳಿ.

ಬರೀ ತಾಮ್ರ ಕಪ್ಪಾಗುತ್ತದೆ, ನಿಜ. ಆದರೆ ಮೇಲಿನಿಂದ ಒಳಗಿನವರೆಗೆ ಒಂದೇ ಲೋಹ, ಸವೆದರೂ ಅಂದಗೆಡುವುದಿಲ್ಲ. ಪೂಜೆಯ ಚೊಂಬು ಬೆಳಗುವ ಹುಣಸೆಹಣ್ಣು, ಉಪ್ಪು ಇದಕ್ಕೂ ಸಾಕು. ಮುತ್ತು, ಹವಳ ಪೋಣಿಸಿದ್ದಕ್ಕೆ ಹುಣಸೆ ಮುಟ್ಟಿಸಬೇಡಿ. ಅವೆರಡೂ ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿ ತಾಕಿದರೆ ಮೇಲ್ಪದರ ಕರಗಿ ಹೊಳಪು ಹೋಗುತ್ತದೆ, ಮತ್ತೆ ಬರುವುದಿಲ್ಲ. ಚನ್ನಪಟ್ಟಣದ ಅರಗಿನ ಮರದ ಮಣಿ ಇದ್ದರೆ ನೀರಿನಲ್ಲಿ ನೆನೆಹಾಕುವುದೂ ಬೇಡ, ಬಟ್ಟೆಯಲ್ಲಿ ಒರೆಸಿದರೆ ಸಾಕು. ಹೆಚ್ಚು ಬೆವರುವವರ ಕೈಯಲ್ಲಿ ತಾಮ್ರ ಹಸಿರು ಕಲೆ ಬಿಡುತ್ತದೆ. ಸೋಪಿಗೆ ಹೋಗುತ್ತದೆ, ಆದರೂ ಸಂತೆಯಲ್ಲಿ ಇದನ್ನು ಮೊದಲೇ ಹೇಳಿಯೇ ಮಾರುತ್ತೇನೆ.

ನನಗೆ ತಾಮ್ರ ಹಿಡಿಸಿದ್ದು ಅದರ ಹದಕ್ಕೆ. ಹೊಸ ತಂತಿ ಬೆರಳಿಗೆ ದಾರದಂತೆ ಬಾಗುತ್ತದೆ. ಬಾಗಿಸಿದಷ್ಟೂ, ತಟ್ಟಿದಷ್ಟೂ ಬಿರುಸಾಗುತ್ತ ಹೋಗುತ್ತದೆ. ಒಂದೇ ಜಾಗವನ್ನು ಹಿಂದೆ ಮುಂದೆ ಆಡಿಸುತ್ತಿದ್ದರೆ ಕೊನೆಗೆ ಟಕ್ಕನೆ ತುಂಡು. ಬಿರುಸಾದದ್ದನ್ನು ಮೆತ್ತಗೆ ಮಾಡಲು ಅಕ್ಕಸಾಲಿಗರ ದಾರಿಯೇ ದಾರಿ: ಉರಿಯಲ್ಲಿ ಮಂದ ಕೆಂಪಾಗುವವರೆಗೆ ಕಾಸಿ, ನೀರಿಗೆ ಅದ್ದುವುದು. ಕೋಣೆ ಸ್ವಲ್ಪ ಕತ್ತಲಿದ್ದರೆ ಆ ಕೆಂಪು ಸರಿಯಾಗಿ ಕಾಣುತ್ತದೆ. ಗಡುಸು ಉಕ್ಕಿಗೆ ಹೀಗೆ ಮಾಡಿದರೆ ಇನ್ನೂ ಗಡುಸಾದೀತು, ತಾಮ್ರ ಮೆತ್ತಗೇ ಉಳಿಯುತ್ತದೆ. ಮೇಲೆ ಕಟ್ಟಿದ ಕರಿ ಪದರಕ್ಕೆ ಬಿಸಿನೀರಿನಲ್ಲಿ ಕದಡಿದ ಸಿಟ್ರಿಕ್ ಆಸಿಡ್. ಬಳೆಗೆ ಹಾಕುವ ದಪ್ಪ ತಂತಿಗೆ ಇಷ್ಟೆಲ್ಲ ಮಾಡಬಹುದು. ತೆಳು ತಂತಿಗೆ ಗ್ಯಾಸ್ ಟಾರ್ಚಿನ ಉರಿ ಹಿಡಿದರೆ ಕಣ್ಣೆದುರೇ ಕರಗಿ ಗುಂಡಾಗುತ್ತದೆ.

ಕೊಳ್ಳುವಾಗ ತಲೆನೋವು ತರುವುದು ಗೇಜ್, ಅಂದರೆ ತಂತಿಯ ದಪ್ಪ ಹೇಳುವ ನಂಬರ್. ಸಂಖ್ಯೆ ದೊಡ್ಡದಾದಷ್ಟೂ ತಂತಿ ತೆಳು, ಅದು ಸರಿ. ಆದರೆ ಪದ್ಧತಿಯೇ ಎರಡು. ಅಮೆರಿಕದ ಎಡಬ್ಲ್ಯೂಜಿಯಲ್ಲಿ 20 ಅಂದರೆ 0.81 ಮಿ.ಮೀ., ಬ್ರಿಟಿಷರ ಎಸ್‌ಡಬ್ಲ್ಯೂಜಿಯಲ್ಲಿ ಅದೇ 20 ಅಂದರೆ 0.91. 22 ಆದರೆ 0.64 ಮತ್ತು 0.71. ಇಷ್ಟೇ ತಾನೇ ಅನ್ನಿಸಬಹುದು, 0.7ರ ತೂತಿನ ಮುತ್ತು ಹಿಡಿದು ಕೂತಾಗ ಗೊತ್ತಾಗುತ್ತದೆ. ಆನ್‌ಲೈನ್ ಸ್ಪೂಲ್‌ಗಳ ಮೇಲೆ ಎಷ್ಟೋ ಸಲ ಯಾವ ಪದ್ಧತಿ ಅಂತಲೇ ಬರೆದಿರುವುದಿಲ್ಲ. ಬೆಂಗಳೂರಿನ ನಗರ್ತಪೇಟೆಗೆ ಹೋದಾಗ ನನ್ನ ಚೀಲದಲ್ಲಿ ದಪ್ಪ ಅಳೆಯುವ ವರ್ನಿಯರ್ ಇರುತ್ತದೆ. "ನಂಬರ್ ಹೇಳಿ ಮೇಡಂ, ಸಾಕು" ಅನ್ನುತ್ತಾರೆ ಅಂಗಡಿಯವರು. "ಮಿಲ್ಲಿಮೀಟರಲ್ಲಿ ಕೊಡಿ ಅಣ್ಣ, ಅಳೆದೇ ತಗೊಳ್ತೀನಿ" ಅನ್ನುತ್ತೇನೆ. ಈಗ ಬೇಸರವಿಲ್ಲದೆ ಅಳೆಯಲು ಬಿಡುತ್ತಾರೆ. ಓಲೆಯ ಕೊಕ್ಕೆಗೆ 0.8, ಮಣಿ ಪೋಣಿಸಿ ಕುಣಿಕೆ ಕಟ್ಟಲು 0.6, ಮುತ್ತಿಗೂ ಸುತ್ತು ಕೆಲಸಕ್ಕೂ 0.4, ಬಳೆಗೆ 1.2ರಿಂದ 1.5. ಇಷ್ಟಿದ್ದರೆ ನನ್ನ ಕೆಲಸ ನಿಲ್ಲುವುದಿಲ್ಲ.

ಬೆಳ್ಳಿಯನ್ನು ಕಿವಿಯ ತೂತಿನೊಳಗೆ ಹೋಗುವ ಕೊಕ್ಕೆಗೆ ಮೀಸಲಿಟ್ಟಿದ್ದೇನೆ. 925ರಲ್ಲಿ ನೂರಕ್ಕೆ 92.5 ಪಾಲು ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. 0.8ರ ತಂತಿ ಮೀಟರಿಗೆ ಐದು ಗ್ರಾಂಗಿಂತ ತುಸು ಹೆಚ್ಚು ತೂಗುತ್ತದೆ. ಒಂದು ಕೊಕ್ಕೆಗೆ ನಾಲ್ಕೈದು ಸೆಂಟಿಮೀಟರ್ ಸಾಕು, ಅಂದರೆ ಒಂದು ಮೀಟರಿಗೆ ಹತ್ತು ಜೋಡಿ. ಬೆಳ್ಳಿ ದರ ಏರಿದೆ ಅಂತ ಕಿವಿಯ ವಿಷಯದಲ್ಲಿ ಜುಗ್ಗತನ ಮಾಡುವಷ್ಟು ದುಬಾರಿಯೇನಲ್ಲ. ಹಾಫ್ ಹಾರ್ಡ್, ಅಂದರೆ ಅರೆ ಬಿರುಸಿನ ತಂತಿ, ಎಂದು ಕೇಳಿ ತೆಗೆದುಕೊಳ್ಳಿ. ಡೆಡ್ ಸಾಫ್ಟ್, ಅಂದರೆ ಪೂರ್ತಿ ಮೆತ್ತಗಿನ ತಂತಿಯ ಕೊಕ್ಕೆ ಸೆರಗಿಗೆ ಸಿಕ್ಕರೆ ನೆಟ್ಟಗಾಗಿ ಓಲೆ ಎಲ್ಲೋ ಬಿದ್ದುಹೋಗುತ್ತದೆ. ಸಾಫ್ಟೇ ಸಿಕ್ಕಿದ್ದರೆ, ಬಾಗಿಸಿದ ಮೇಲೆ ಆ ತಿರುವನ್ನು ಉಕ್ಕಿನ ತುಂಡಿನ ಮೇಲಿಟ್ಟು ಹಗುರಾಗಿ ತಟ್ಟಿ; ಸ್ವಲ್ಪ ಚಪ್ಪಟೆಯಾಗಿ ಬಿಗಿ ಬರುತ್ತದೆ. ತುದಿಯನ್ನು ಸಣ್ಣ ಅರದಿಂದ ಉಜ್ಜಿ ನುಣುಪು ಮಾಡದೆ ಯಾರಿಗೂ ಕೊಡಬೇಡಿ. ಉಳಿದ ತಂತಿಯನ್ನು ಜಿಪ್ ಕವರಿನಲ್ಲಿ ಗಾಳಿ ಒತ್ತಿ ತೆಗೆದು ಇಡಿ, ರಬ್ಬರ್ ಬ್ಯಾಂಡ್ ಹಾಕಿ ಇಡಬೇಡಿ. ರಬ್ಬರಿನಲ್ಲಿರುವ ಗಂಧಕಕ್ಕೇ ಬೆಳ್ಳಿ ಕಪ್ಪಾಗುತ್ತದೆ.

ಉಳಿದವನ್ನೂ ನೋಡಿಯಾಗಿದೆ. ಜರ್ಮನ್ ಸಿಲ್ವರ್ ತಾಮ್ರ, ನಿಕಲ್, ಸತುವಿನ ಮಿಶ್ರಣ. ನಿಕಲ್ ಆಗದವರಿಗೆ ಕಿವಿ ಕೆರೆತ ಶುರುವಾಗುತ್ತದೆ, ಹಾಗಾಗಿ ಕೊಕ್ಕೆಗೆ ಬೇಡ. ಕೆ.ಜಿ. ಲೆಕ್ಕದಲ್ಲಿ ಸಿಗುವ ಮೋಟಾರ್ ವೈಂಡಿಂಗ್ ತಂತಿ ಸುತ್ತು ಕೆಲಸ ಕಲಿಯಲು ಅಗ್ಗ, ಆದರೆ ಮೇಲೆ ಎನಾಮಲ್ ಲೇಪನ ಇರುತ್ತದೆ, ಉರಿಗೆ ಹಿಡಿದರೆ ಕೆಟ್ಟ ಹೊಗೆ. ಅಲ್ಯೂಮಿನಿಯಂ ಹಗುರ, ಮಕ್ಕಳ ಕೈಗೆ ಕೊಡಬಹುದು, ಬಳೆ ಮಾಡಿದರೆ ಆಕಾರ ನಿಲ್ಲುವುದಿಲ್ಲ. ಸುರುಳಿ ಬಳೆಯ ಮೆಮೊರಿ ವೈರ್ ಗಡುಸು ಉಕ್ಕು. ಅದಕ್ಕೆ ಬೇರೆಯೇ ಕಟ್ಟರ್ ಇಟ್ಟುಕೊಳ್ಳಿ, ತಾಮ್ರ ಬೆಳ್ಳಿ ಕತ್ತರಿಸುವ ನಯವಾದ ಕಟ್ಟರ್ ಹಾಕಿದರೆ ಒಂದೇ ಏಟಿಗೆ ಅದರ ಅಲಗು ಮುಕ್ಕಾಗುತ್ತದೆ.