ಪಾಸ್‌ವರ್ಡ್ ಕೇಳದ ಆ ಐಕಾನ್ ನಿಮ್ಮ ಕಂಪ್ಯೂಟರ್‌ನಲ್ಲೂ ಇದೆಯಾ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ವಿಂಡೋಸ್ ಕಂಪ್ಯೂಟರ್‌ನಲ್ಲಿ ಅಂಗಡಿ ಲೆಕ್ಕ ಇಡುವವರು ದಯವಿಟ್ಟು ಓದಿ. ನಮ್ಮ ಅಡಿಕೆ ಮಂಡಿಯಲ್ಲಿ ಆಗಿದ್ದು ನಿಮಗೆ ಆಗುವುದು ಬೇಡ.

ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಹಳೆಯದು. ಅಡ್ಮಿನ್ ಆಗಿ ತೆರೆದರೆ ಮಾತ್ರ ಕೆಲಸ ಮಾಡುತ್ತದೆ. ಗುಮಾಸ್ತರ ಖಾತೆಗೆ ಅಡ್ಮಿನ್ ಅಧಿಕಾರ ಇರಲಿಲ್ಲ, ಇರಬಾರದು ಕೂಡ. ಪ್ರತಿ ಸಲ ಪಾಸ್‌ವರ್ಡ್ ಹೊಡೆಯುವುದು ಕಿರಿಕಿರಿ ಅಲ್ವಾ, ಅದಕ್ಕೆ ರಿಪೇರಿಗೆ ಬಂದವನು ಒಂದು ಉಪಾಯ ಮಾಡಿದ. ವಿಂಡೋಸ್‌ನ ಮೂಲ ಅಡ್ಮಿನಿಸ್ಟ್ರೇಟರ್ ಖಾತೆಯನ್ನು ಆನ್ ಮಾಡಿದ. ಬೇರೆ ಖಾತೆಯ ಹೆಸರಲ್ಲಿ ಪ್ರೋಗ್ರಾಂ ಓಡಿಸುವ 'ರನ್ಆಸ್' (runas) ಕಮಾಂಡ್‌ಗೆ, ಪಾಸ್‌ವರ್ಡ್ ಉಳಿಸಿಡುವ 'ಸೇವ್‌ಕ್ರೆಡ್' (/savecred) ಸೇರಿಸಿ ಡೆಸ್ಕ್‌ಟಾಪ್ ಮೇಲೊಂದು ಶಾರ್ಟ್‌ಕಟ್ ಇಟ್ಟ. ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು, ಆಮೇಲೆ ಕೇಳುವುದೇ ಇಲ್ಲ.

ಆ ಪಾಸ್‌ವರ್ಡ್ ಬಿಲ್ಲಿಂಗ್‌ಗೆ ಮಾತ್ರ ಸೀಮಿತ ಅಲ್ಲ ಅಂತ ಅವನು ಹೇಳಲಿಲ್ಲ. ಅದು ಗುಮಾಸ್ತರ ಖಾತೆಯಲ್ಲಿ ಉಳಿದುಬಿಡುತ್ತದೆ. ಅದೇ ಕಮಾಂಡ್‌ನಲ್ಲಿ ಬೇರೆ ಪ್ರೋಗ್ರಾಂ ಹೆಸರು ಹಾಕಿದರೆ ಅದೂ ಅಡ್ಮಿನ್ ಆಗಿ ಓಡುತ್ತದೆ. ಮೂಲ ಅಡ್ಮಿನಿಸ್ಟ್ರೇಟರ್ ಖಾತೆಯಾದ್ದರಿಂದ 'ಅನುಮತಿ ಕೊಡಲೇ?' ಅನ್ನುವ ಪರದೆಯೂ ಬರುವುದಿಲ್ಲ.

ಸೀಸನ್‌ಗೆ ಅಂತ ಸೇರಿದ್ದ ಹುಡುಗ ನುಡಿ ಅಕ್ಷರಗಳನ್ನು ಯೂನಿಕೋಡ್‌ಗೆ ಬದಲಿಸಲು ಎಲ್ಲಿಂದಲೋ ಒಂದು ಫ್ರೀ ಸಾಫ್ಟ್‌ವೇರ್ ಇಳಿಸಿದ. ಅದು ಅಡ್ಮಿನ್ ಪಾಸ್‌ವರ್ಡ್ ಕೇಳಿತು. ಚುರುಕು ಹುಡುಗ, ಶಾರ್ಟ್‌ಕಟ್‌ನ ಟಾರ್ಗೆಟ್ ಬದಲಿಸಿ ಹಾಕಿಯೇ ಬಿಟ್ಟ. ಕೆಟ್ಟ ಉದ್ದೇಶ ಏನೂ ಇರಲಿಲ್ಲ. ಬೆಳಿಗ್ಗೆ ನೋಡಿದರೆ ಫೈಲ್‌ಗಳೆಲ್ಲ ಲಾಕ್, ದುಡ್ಡು ಕೇಳುವ ಚೀಟಿ ಪರದೆ ಮೇಲೆ. ಡಿ ಡ್ರೈವ್‌ನ ಬ್ಯಾಕಪ್ಪನ್ನು ಗುಮಾಸ್ತರ ಖಾತೆಯಿಂದ ಮುಟ್ಟಲು ಆಗುತ್ತಿರಲಿಲ್ಲ. ಅಡ್ಮಿನ್ ಆಗಿ ಓಡಿದ ವೈರಸ್‌ಗೆ ಅದ್ಯಾವ ಲೆಕ್ಕ? ಅದೂ ಹೋಯಿತು.

ರಾಶಿ, ಬೆಟ್ಟೆ, ಸರಕು, ಗೊರಬಲು ಅಡಿಕೆ ಯಾರು ಎಷ್ಟು ತಂದರು, ಯಾರಿಗೆ ಎಷ್ಟು ಮುಂಗಡ ಹೋಗಿದೆ, ಎಲ್ಲವನ್ನೂ ತೂಕದ ಚೀಟಿ ಹುಡುಕಿ ಮತ್ತೆ ಬರೆದೆವು. ಕೆಲವು ರೈತರ ಲೆಕ್ಕ ಇನ್ನೂ ತಾಳೆ ಆಗಿಲ್ಲ. ರಿಪೇರಿಯವನನ್ನು ಕೇಳಿದರೆ, "ಎಲ್ಲಾ ಕಡೆ ಹೀಗೇ ಮಾಡ್ಕೊಟ್ಟಿದ್ದೀನಿ ಸಾರ್" ಅಂದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಡೆಸ್ಕ್‌ಟಾಪ್‌ಗೆ ಸೇವ್ ಮಾಡಿದ ಬಿಲ್ ಕಾಣದೆ ಹೋಗುತ್ತದಾ? ಅನುಮಾನ ಪಡಿ. ಸಾಫ್ಟ್‌ವೇರ್ ಬೇರೆ ಖಾತೆಯಲ್ಲಿ ಓಡುತ್ತಿದ್ದರೆ ಫೈಲ್ ಆ ಖಾತೆಯ ಡೆಸ್ಕ್‌ಟಾಪ್‌ಗೆ ಹೋಗಿ ಕೂರುತ್ತದೆ. ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಟಾರ್ಗೆಟ್ ಸಾಲಿನಲ್ಲಿ 'ಸೇವ್‌ಕ್ರೆಡ್' ಇದೆಯಾ ನೋಡಿ.

ಇದ್ದರೆ ಸುಮ್ನೆ ಐಕಾನ್ ಅಳಿಸಿದರೆ ಸಾಲದು, ಪಾಸ್‌ವರ್ಡ್ ಒಳಗೇ ಇರುತ್ತದೆ. ಗುಮಾಸ್ತರ ಖಾತೆಯಲ್ಲೇ ಕಂಟ್ರೋಲ್ ಪ್ಯಾನೆಲ್ ತೆರೆದು, ಕ್ರೆಡೆನ್ಷಿಯಲ್ ಮ್ಯಾನೇಜರ್‌ನ ವಿಂಡೋಸ್ ಕ್ರೆಡೆನ್ಷಿಯಲ್ಸ್‌ನಿಂದ ಅದನ್ನು ತೆಗೆಯಿರಿ. ಅಡ್ಮಿನ್ ಪಾಸ್‌ವರ್ಡ್ ಕೂಡ ಬದಲಿಸಿ. ಹಳೆಯ ಸಾಫ್ಟ್‌ವೇರ್‌ಗಳು ಅಡ್ಮಿನ್ ಕೇಳುವುದು ಜಾಸ್ತಿ ತಮ್ಮ ಫೋಲ್ಡರ್‌ನಲ್ಲಿ ಬರೆಯುವುದಕ್ಕೆ. ಆ ಒಂದು ಫೋಲ್ಡರ್‌ಗೆ ಮಾತ್ರ ಗುಮಾಸ್ತರಿಗೆ 'ಮಾಡಿಫೈ' ಅನುಮತಿ ಕೊಡಿಸಿ. ನಮ್ಮಲ್ಲಿ ಈಗ ಬಿಲ್ಲಿಂಗ್ ಓಡುತ್ತಿರುವುದು ಹಾಗೆಯೇ.