ವಸಂತಕ್ಕೆ ಮುಂಚೆ ಗಿಡ ಸವರೋಕೆ ಬೈಪಾಸ್ ಕಟರ್, 4 ಸ್ಟಾರ್

ಗಿಡ ಸವರೋ ಕಟರ್ ಹುಡುಕ್ತಿದ್ರೆ ಬೈಪಾಸ್ ಟೈಪೇ ತಗೊಳ್ಳಿ. ಎರಡು ಅಲಗು ಕತ್ತರಿ ಥರ ಒಂದರ ಪಕ್ಕ ಒಂದು ಜಾರಿ ಹೋಗುತ್ತೆ, ಹಸಿ ಕೊಂಬೆ ಜಜ್ಜಲ್ಲ. ಗುಲಾಬಿ ಚಿಗುರೋ ಮುಂಚೆ ಇದರಲ್ಲೇ ಸವರಿದೆ, ಒಣಗಿದ್ದು, ಒಳಗಡೆ ಒಂದಕ್ಕೊಂದು ಉಜ್ಜಾಡ್ತಿದ್ದ ಕೊಂಬೆ ಎಲ್ಲ ತೆಗೆದು, ಹೊರಗೆ ಮುಖ ಮಾಡಿರೋ ಕಣ್ಣಿಗಿಂತ (ಕೊಂಬೆ ಮೇಲೆ ಚಿಗುರು ಒಡೆಯೋ ಗಂಟು) ಅರ್ಧ ಸೆಂಟಿಮೀಟರ್ ಮೇಲೆ ಓರೆಯಾಗಿ ಕಟ್ ಮಾಡಿದ್ರೆ ನೀರು ಅಲ್ಲಿ ನಿಲ್ಲಲ್ಲ, ಹೊಸ ಚಿಗುರೂ ಹೊರಗಡೆಗೇ ಬೆಳೆಯುತ್ತೆ, ಗಿಡದ ಮಧ್ಯೆ ಗಾಳಿ ಬೆಳಕು ಚೆನ್ನಾಗಿ ಆಡುತ್ತೆ. ಕಟ್ ಆದ ಜಾಗ ತಿಳಿ ಹಸಿರು, ಸಿಪ್ಪೆ ಒಂಚೂರೂ ಎದ್ದಿಲ್ಲ, ನೋಡೋಕೇ ಖುಷಿ ಆಗುತ್ತೆ! ಹಿಡಿತ ಚೆನ್ನಾಗಿದೆ, ಲಾಕ್ ಮಾತ್ರ ಬಿಗಿ, ಗ್ಲೌಸ್ ಹಾಕ್ಕೊಂಡು ತೆಗೆಯೋದು ಕಷ್ಟ, ಅದಕ್ಕೇ ಒಂದು ಸ್ಟಾರ್ ಕಮ್ಮಿ. ಬೆರಳಿಗಿಂತ ದಪ್ಪ ಕೊಂಬೆಗೆ ಗರಗಸ ಬಳಸಿ, ಇದನ್ನ ತಿರುಚಿ ಹಾಳು ಮಾಡ್ಬೇಡಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗೋವಾಗ ಅಲಗನ್ನ ಸ್ಪಿರಿಟ್ಟಲ್ಲಿ ಒರೆಸಿ, ರೋಗ ಹರಡೋದು ತಪ್ಪುತ್ತೆ. ಹಾಂ, ವಸಂತದ ಶುರುವಲ್ಲೇ ಹೂ ಬಿಡೋ ಗಿಡಗಳನ್ನ ಈಗ್ಲೇ ಮುಟ್ಬೇಡಿ ಪ್ಲೀಸ್, ಹೋದ ವರ್ಷದ ಕೊಂಬೇಲೇ ಮೊಗ್ಗು ಕೂತಿರುತ್ತೆ, ಹೂ ಮುಗಿದ್ಮೇಲೆ ಸವರಿ.