ಬಿಡಾರದಲ್ಲಿ ತಾಯಿ ಕಾರ್ಡ್: ಒಂದು ವಿಮರ್ಶೆ

ಚಳ್ಳಕೆರೆ ಸೀಮೆಯಿಂದ ಮಂದೆ ಹೊಡೆದುಕೊಂಡು ಬಂದು, ಭತ್ತದ ಕೊಯ್ಲು ಮುಗಿದ ಮೇಲೆ ದಾವಣಗೆರೆ ಸುತ್ತಿನ ಭದ್ರಾ ನಾಲೆಯ ಗದ್ದೆಗಳಲ್ಲಿ ಕುರಿ ನಿಲ್ಲಿಸುವ ಕುಟುಂಬಗಳಿಗೆ ನಿಜಕ್ಕೂ ಒಗ್ಗುವ ಸರ್ಕಾರಿ ಸೌಲಭ್ಯ ಯಾವುದೆಂದು ಕೇಳಿದರೆ, ನಾನು ಮೊದಲು ಹೆಸರಿಸುವುದು ತಾಯಿ ಕಾರ್ಡನ್ನು.

ಗರ್ಭಿಣಿಯ ನೋಂದಣಿಯಾದಾಗ ಉಚಿತವಾಗಿ ಸಿಗುವ ಈ ಕಾರ್ಡಿನಲ್ಲಿ ಕನಿಷ್ಠ 4 ತಪಾಸಣೆಗಳ ವಿವರ, ರಕ್ತದೊತ್ತಡ, ಹಿಮೋಗ್ಲೋಬಿನ್ ಪ್ರಮಾಣ, ಮಗು ಹುಟ್ಟಿದಾಗ ಕ್ಷಯ ತಡೆಯಲು ಹಾಕುವ ಬಿಸಿಜಿ, 6, 10 ಮತ್ತು 14ನೇ ವಾರದ ಲಸಿಕೆಗಳು, 9 ತಿಂಗಳು ತುಂಬಿದ ಮೇಲಿನ ದಡಾರ–ರುಬೆಲ್ಲಾ ಲಸಿಕೆ ಎಲ್ಲವೂ ದಾಖಲಾಗುವುದರಿಂದ, ಹಿಂದಿನ ಊರಿನಲ್ಲಿ ಏನಾಗಿದೆ ಎಂಬುದನ್ನು ಮುಂದಿನ ಊರಿನ ನರ್ಸಮ್ಮ ಓದಿಕೊಳ್ಳಬಹುದು.

ನನಗೆ ಹೆಚ್ಚು ಹಿಡಿಸಿದ್ದು ತೂಕದ ನಕ್ಷೆ. ಗೆರೆ ಹಸಿರಿನಲ್ಲಿದ್ದರೆ ಸರಿ, ಹಳದಿಗೆ ಇಳಿದರೆ ಎಚ್ಚರ, ಕಿತ್ತಳೆಗೆ ಬಂದರೆ ತಡಮಾಡದೆ ಆಸ್ಪತ್ರೆ ಎಂಬುದು ಅಕ್ಷರ ಬಾರದವರಿಗೂ ತಿಳಿಯುತ್ತದೆ. ಒಂದು ಬಿಡಾರದಲ್ಲಿ ಶಾಲೆಯ ಮುಖ ಕಂಡಿದ್ದ ಸೊಸೆಯೊಬ್ಬಳು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹಿಟ್ಟಿನ ಡಬ್ಬಿಯಲ್ಲಿಟ್ಟಿದ್ದ ಕಾರ್ಡುಗಳನ್ನು ತೆಗೆದು, ತನ್ನ ಮಗುವಿನದಷ್ಟೇ ಅಲ್ಲದೆ ಓರಗಿತ್ತಿಯ ಮಗುವಿನದನ್ನೂ ಬೆರಳಿಟ್ಟು ನೋಡಿದಳು. “ತೂಕ ಇಳ್ದೈತೆ, ಡಾಕ್ಟ್ರಿಗೆ ತೋರ್ಸೋಗಂಟ ಮಂದೆ ಎಬ್ಬಿಸೋದು ಬ್ಯಾಡ ಅಂತ ಮಾವಂಗೆ ಹೇಳು, ಅತ್ತೆ” ಎಂದಳು. ಹೊರಡುವ ದಿನವನ್ನು ಗಂಡಸರೇ ಗೊತ್ತುಮಾಡುವ ಬಿಡಾರದಲ್ಲಿ ಇದು ಸಣ್ಣ ಮಾತಲ್ಲ.

ಕೊರತೆಗಳೂ ಇವೆ. ಮಳೆಗೆ ಕಾಗದ ಹರಿಯುವುದು ಅದರಲ್ಲಿ ಚಿಕ್ಕದು. ಆಶಾ ಕಾರ್ಯಕರ್ತೆಯನ್ನು ಸುಮಾರು 1,000 ಜನಸಂಖ್ಯೆಗೆ ಒಬ್ಬರಂತೆ ಆಯಾ ಊರಿನ ನಿವಾಸಿಗಳಿಂದಲೇ ಆರಿಸುವುದರಿಂದ, ಗದ್ದೆಯಲ್ಲಿ ಬೀಡುಬಿಟ್ಟವರು ಯಾರ ಪಟ್ಟಿಗೂ ಸೇರದೆ ಉಳಿಯುವುದುಂಟು. ಮಗುವಿನ ಲಸಿಕೆಗೆಂದು ನಾನು ಜೊತೆಗೆ ಹೋಗಿದ್ದ ಬಾಣಂತಿಯೊಬ್ಬರನ್ನು, ಕಾರ್ಡು ಕೈಯಲ್ಲಿದ್ದರೂ, “ನಿಮ್ಮೂರಲ್ಲೇ ಹಾಕಿಸ್ಕೊಳ್ಳಿ” ಎಂದು ಒಂದು ಆರೋಗ್ಯ ಕೇಂದ್ರದವರು ವಾಪಸು ಕಳುಹಿಸಿದರು. ಗರ್ಭಿಣಿ–ಬಾಣಂತಿಯರಿಗೆ ಅಂಗನವಾಡಿಯಲ್ಲಿ ತಿಂಗಳಿಗೆ 25 ದಿನ ಬಿಸಿಯೂಟ ಕೊಡಲೆಂದು 2017ರಲ್ಲಿ ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯೂ ಅಷ್ಟೇ: ದಿನವೂ ಊರೊಳಗೆ ನಡೆದುಹೋಗಿ ಉಣ್ಣುವುದು ಕುರಿಮರಿ ಕಾಯುವ ಬಸುರಿಯಿಂದ ಆಗದ ಕೆಲಸ.

ಬಿಡಾರದ ಹೆಂಗಸರೊಬ್ಬರಿಗೇ ತರಬೇತಿಯನ್ನೂ ಗೌರವಧನವನ್ನೂ ಕೊಟ್ಟರೆ ಈ ಕಂದಕ ಬಹುಮಟ್ಟಿಗೆ ತುಂಬುತ್ತದೆ. ಹೀಗೆ ಊರೂರು ಅಲೆಯುವ ಜನಕ್ಕೆ ಹೆರಿಗೆ–ಬಾಣಂತನದ ತಿಳಿವಳಿಕೆ ಹೊಸದೇನಲ್ಲ; 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡದ ಸೂಲಗಿತ್ತಿ ನರಸಮ್ಮನವರು ಬಸುರಿಯರಿಗೆ ಕೊಡುವ ನಾಟಿ ಔಷಧಿಯನ್ನು ಕಲಿತದ್ದು ತಮ್ಮ ಊರಿಗೆ ಬರುತ್ತಿದ್ದ ಅಲೆಮಾರಿಗಳಿಂದಲೇ.

ಕಾರ್ಡಿಗೆ ಐದರಲ್ಲಿ ನಾಲ್ಕು ಅಂಕ, ಅದರ ಸುತ್ತಲಿನ ಸೇವೆಗೆ ಎರಡು. ಬಳಸುವವರು ಬಿಡಾರ ಕೀಳುವ ಮುನ್ನ ಮುಂದಿನ ಲಸಿಕೆಯ ತಾರೀಖನ್ನು ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ, ಮಂದೆ ಎಲ್ಲಿದ್ದರೂ ಅಂದು ಹತ್ತಿರದ ಆಸ್ಪತ್ರೆಗೆ ಕಾರ್ಡು ಹಿಡಿದು ಹೋಗಬಹುದು.